ಡಿಎಸ್‌ಟಿ ಫೈಲಿನಲ್ಲಿ ದಾರದ ಬಣ್ಣ ಬದಲಿಸಿದರೂ ಉಳಿಯುತ್ತಿಲ್ಲ

ಸೂಜಿಮಲ್ಲಿ:
ನಮಸ್ಕಾರ. ಮನೆಯಲ್ಲೇ ಬ್ಲೌಸಿಗೆ ಎಂಬ್ರಾಯ್ಡರಿ ಕೆಲಸ ಮಾಡುತ್ತೇನೆ, 6 ಸೂಜಿಯ ಮಷೀನು. ಬ್ಲೌಸಿನ ಬೆನ್ನಿಗೆ ಅಂತ ನವಿಲಿನ ಡಿಸೈನ್ ಒಂದನ್ನು ಕೊಂಡೆ, ಡಿಎಸ್‌ಟಿ ಫೈಲು. ಇಂಕ್‌ಸ್ಟಿಚ್ ಅನ್ನುವ ಎಂಬ್ರಾಯ್ಡರಿ ಸಾಫ್ಟ್‌ವೇರಿನಲ್ಲಿ ತೆರೆದರೆ ನವಿಲಿನ ಕತ್ತು ಕೆಂಪು, ಗರಿ ಕಂದು, ಎಲೆ ನೇರಳೆ! ಒಂದು ಗಂಟೆ ಕೂತು ಒಂದೊಂದೇ ಭಾಗ ಆರಿಸಿ ಬಣ್ಣ ಸರಿ ಮಾಡಿ, ಡಿಎಸ್‌ಟಿಯಾಗಿಯೇ ಉಳಿಸಿದೆ. ಮರುದಿನ ತೆರೆದರೆ ಮತ್ತೆ ಅದೇ ಅವತಾರ. ಫೈಲ್ ಹಾಳಾಗಿದೆಯಾ, ಇಲ್ಲಾ ನಾನೇ ಏನೋ ತಪ್ಪು ಮಾಡುತ್ತಿದ್ದೇನಾ?

ದಾರದುಂಡೆ:
ಫೈಲೂ ಸರಿ ಇದೆ, ನೀವು ಮಾಡಿದ್ದೂ ಸರಿ ಮೇಡಂ. ಮಾಮೂಲಿ ಡಿಎಸ್‌ಟಿಯಲ್ಲಿ ಬಣ್ಣ ಅನ್ನುವುದೇ ಇರುವುದಿಲ್ಲ. ಅದು ತಜಿಮಾ ಮಷೀನುಗಳ ಹಳೇ ಫಾರ್ಮ್ಯಾಟ್. ಸೂಜಿ ಯಾವ ಕಡೆ ಎಷ್ಟು ಸರಿಯಬೇಕು, ಎಲ್ಲಿ ದಾರ ಬದಲಿಸಬೇಕು, ಹೆಚ್ಚುಕಡಿಮೆ ಇಷ್ಟೇ ಅದರಲ್ಲಿರುತ್ತದೆ. ಯಾವ ದಾರ ಅಂತ ಇರುವುದಿಲ್ಲ. ಹಾಗಾಗಿ ಸಾಫ್ಟ್‌ವೇರ್ ತನಗೆ ತೋಚಿದ ಬಣ್ಣ ತುಂಬಿ ತೋರಿಸುತ್ತದೆ ಅಷ್ಟೇ. ಬಣ್ಣ ಬದಲಿಸಿದ ಮೇಲೆ ಮೊದಲು ಎಸ್‌ವಿಜಿಯಾಗಿ (ಇಂಕ್‌ಸ್ಟಿಚ್‌ನಲ್ಲಿ ಮತ್ತೆ ತಿದ್ದಬಹುದಾದ ಚಿತ್ರದ ಫೈಲು) ಉಳಿಸಿಕೊಳ್ಳಿ, ಅದೇ ನಿಮ್ಮ ಮೂಲಪ್ರತಿ. ಆಮೇಲೆ ಮಷೀನಿಗೆ ಬೇಕಾದ್ದು ತೆಗೆಯಿರಿ. ನಿಮ್ಮ ಮಷೀನು ಬ್ರದರ್ ಕಂಪನಿಯದ್ದಾಗಿದ್ದರೆ ಅವರದೇ ಫಾರ್ಮ್ಯಾಟ್ ಆದ ಪಿಇಎಸ್ ತೆಗೆಯಿರಿ, ಅದರಲ್ಲಿ ಬಣ್ಣ ಉಳಿಯುತ್ತದೆ.

ಹಳೇಸೂಜಿ:
ಇನ್ನೊಂದು ಹೇಳುತ್ತೇನೆ, ಇದರಲ್ಲೇ ಒಂದು ರೇಷ್ಮೆ ಬ್ಲೌಸ್ ಹಾಳು ಮಾಡಿಕೊಂಡವನು ನಾನು. ಹೊಲಿಗೆಯ ಸರದಿಯಲ್ಲಿ ಒಂದರ ಹಿಂದೆ ಒಂದು ಬರುವ ಎರಡು ಭಾಗಕ್ಕೆ ಒಂದೇ ಬಣ್ಣ ಕೊಟ್ಟರೆ ಇಂಕ್‌ಸ್ಟಿಚ್ ಎರಡನ್ನೂ ಒಂದೇ ದಾರ ಅಂತ ತಿಳಿದು ನಡುವಿನ ನಿಲುಗಡೆ, ಅಂದರೆ ದಾರ ಬದಲಿಸುವ ಜಾಗ, ತೆಗೆದುಬಿಡುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಮಷೀನಿನಲ್ಲಿ ಯಾವ ಬಣ್ಣಕ್ಕೆ ಯಾವ ಸೂಜಿ ಅಂತ ಮೊದಲೇ ಹಾಕಿಟ್ಟಿದ್ದೆ, ಆ ಲೆಕ್ಕವೆಲ್ಲ ಒಂದು ಮನೆ ಜರುಗಿ, ಎಲೆಗೆ ಹೋಗಬೇಕಾದ ಗಿಳಿಹಸಿರು ನವಿಲಿನ ಕಣ್ಣಿಗೆ ಬಂತು. ಬಿಚ್ಚೋಣ ಅಂದರೆ ರೇಷ್ಮೆ, ತೂತು ಉಳಿಯುತ್ತದೆ. ನಿಲುಗಡೆ ಬೇಕೇ ಬೇಕು ಅಂದರೆ ಎರಡನೆಯದಕ್ಕೆ ಒಂಚೂರು ಬೇರೆ ಹಸಿರು ಕೊಡಿ. ಡಿಎಸ್‌ಟಿ ಓದುವ ಮಷೀನಿಗೆ ಹಸಿರೂ ಗೊತ್ತಿಲ್ಲ, ನೀಲಿಯೂ ಗೊತ್ತಿಲ್ಲ, ಬದಲಾಯಿತು ಅನ್ನುವುದಷ್ಟೇ ಗೊತ್ತು. ಸರದಿಯನ್ನು ಒಂದು ಚೀಟಿಯಲ್ಲಿ ಬರೆದು ಮಷೀನಿಗೆ ಅಂಟಿಸಿ.

ರಾಣಿಪಿಂಕ್:
ಪರದೆ ಮೇಲಿನ ಬಣ್ಣ ನಂಬಿ ದಾರ ತರಬೇಡಿ. ಕೋನಿನಿಂದ ಒಂದೆಳೆ ಎಳೆದು, ಬಟ್ಟೆ ಮೇಲೆ ಇಟ್ಟು, ಬಾಗಿಲ ಹತ್ತಿರ ಹಗಲು ಬೆಳಕಲ್ಲಿ ನೋಡಿ. ಟ್ಯೂಬ್‌ಲೈಟಿನಲ್ಲಿ ನವಿಲು ನೀಲಿ ಒಂಥರಾ, ಬಿಸಿಲಲ್ಲಿ ಇನ್ನೊಂಥರಾ. ಇಂಕ್‌ಸ್ಟಿಚ್ ಜೊತೆ ದಾರದ ಕಂಪನಿಗಳ ಪ್ಯಾಲೆಟ್‌ಗಳೂ (ಬಣ್ಣದ ಪಟ್ಟಿಗಳು) ಬರುತ್ತವೆ, ಮದೀರಾ ಥರದ್ದು. ನಿಮ್ಮ ಹತ್ತಿರ ಇರುವ ದಾರದ್ದೇ ಆರಿಸಿದರೆ ನಂಬರೂ ಸಿಗುತ್ತದೆ. ಮತ್ತೆ ಗರಿಗೆ ಸುಮ್ನೆ ಎರಡು ಮೂರು ಛಾಯೆ ಹಾಕಲು ಹೋಗಬೇಡಿ. ರೇಯಾನ್ ದಾರದ ಹೊಳಪಿಗೆ, ಹೊಲಿಗೆಯ ದಿಕ್ಕು ತಿರುಗಿದರೆ ಒಂದೇ ದಾರ ತಿಳಿ ಕಡು ಎರಡೂ ಕಾಣಿಸುತ್ತದೆ, ಅಲ್ವಾ?

ಸೂಜಿಮಲ್ಲಿ:
ಅಯ್ಯೋ, ಹಾಗಾದರೆ ಆ ಒಂದು ಗಂಟೆ ನೀರಿನಲ್ಲಿ ಹೋಮ! ಈಗ ಎಸ್‌ವಿಜಿ ಮಾಡಿಟ್ಟೆ. ಹಳೇಸೂಜಿ ಅವರೇ, ನೀವು ಹೇಳಿದ ಮೇಲೆ ಎಣಿಸಿದೆ. 9 ನಿಲುಗಡೆ ಇದ್ದದ್ದು 7 ಆಗಿದೆ. ಮೊದಲು ಹಳೇ ಕಾಟನ್ ಬಟ್ಟೆ ಮೇಲೆ ಹಾಕಿ ನೋಡುತ್ತೇನೆ.