ಸಮಸ್ಯೆ: "ಸತ್ತ ಮರಿಗಳು ತಾಯ ನೆತ್ತರಿನಿಂದ ಬದುಕಿದುವೈ"

ಭಾಮಿನಿ ಮೇಷ್ಟ್ರು:
ಗೆಳೆಯರೇ, ಈ ವಾರದ ಸಮಸ್ಯೆ ಮೇಲಿದೆ. ಅದೇ ಕೊನೆಯ ಸಾಲಾಗುವಂತೆ ಮೊದಲಿನ ಐದು ಸಾಲು ಕಟ್ಟಿ ಪೂರಣ ಮಾಡಿ. ಯಾವ ಷಟ್ಪದಿ ಅಂತ ಸಾಲೇ ಹೇಳುತ್ತದೆ. ವಸ್ತು ಮಾತ್ರ ಯುರೋಪಿನ ಬೆಸ್ಟಿಯರಿಗಳದ್ದೇ ಆಗಬೇಕು. ಪ್ರಾಣಿ, ಹಕ್ಕಿಗಳ ಕಥೆ ಹೇಳಿ, ಒಂದೊಂದಕ್ಕೂ ಕ್ರೈಸ್ತ ನೀತಿ ಕಟ್ಟಿದ ಚಿತ್ರದ ಹಸ್ತಪ್ರತಿಗಳು ಅವು. ಗ್ರೀಕಿನ 'ಫಿಸಿಯೋಲೋಗಸ್' ಅವುಗಳ ಬೇರು. 1200ರ ಸುಮಾರಿಗೆ ಇಂಗ್ಲೆಂಡಿನಲ್ಲಿ ತಯಾರಾದ ಒಂದು ಪ್ರತಿ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿದೆ. ಅದರ ಪುಟಗಳನ್ನು ಮನೆಯಲ್ಲೇ ಕೂತು ನೋಡಬಹುದು, ನೋಡಿ.

ಹಳೆಗಾಲಕ್ಕೇ ನಿಲ್ಲಬೇಡಿ. 1911ರಲ್ಲಿ ಫ್ರೆಂಚ್ ಕವಿ ಅಪೊಲಿನೇರ್ ಅದೇ ಜಾಡಿನಲ್ಲಿ ಪುಟ್ಟ ಪುಟ್ಟ ಪ್ರಾಣಿಪದ್ಯ ಬರೆದ. ಡ್ಯೂಫಿ ಮರದಚ್ಚಿನ ಚಿತ್ರ ಕೊರೆದ. 1918ರಲ್ಲಿ ಕವಿ ತೀರಿಕೊಂಡ. ಮರುವರ್ಷವೇ ಇಪ್ಪತ್ತರ ಹುಡುಗ ಪುಲಾಂಕ್ ಅದರಲ್ಲಿ ಆರು ಪದ್ಯಕ್ಕೆ ರಾಗ ಹಾಕಿದ. ಈ ಎಳೆ ಹಿಡಿದವರಿಗೆ ನನ್ನಿಂದ ಒಂದು ಶಹಬಾಸ್ ಜಾಸ್ತಿ.

ಕಂದಪ್ರಿಯ:
ಹೆಸರು ಕಂದಪ್ರಿಯ ಆದರೂ ಷಟ್ಪದಿಯಲ್ಲೂ ಕೈ ಓಡುತ್ತದೆ. ಮೊದಲ ಪೂರಣ ನನ್ನದು.

ಕತ್ತು ಬಾಗಿಸಿ ಮೂರು ದಿನಗಳು
ಬತ್ತಿ ಸೊರಗುತ ಕುಳಿತ ಕೊಕ್ಕರೆ
ಎತ್ತಿ ಕೊಕ್ಕನು ತಾನೆ ತನ್ನೆದೆ ಬಗೆದು ಸುರಿಸಿದೊಡೆ
ಸುತ್ತಿ ಮುಸುಕಿದ ಸಾವ ತೆರೆಯನು
ಕಿತ್ತು ಮೆಲ್ಲನೆ ಕಣ್ಣ ಬಿಡುತಲಿ
ಸತ್ತ ಮರಿಗಳು ತಾಯ ನೆತ್ತರಿನಿಂದ ಬದುಕಿದುವೈ

ಭಾಮಿನಿ ಮೇಷ್ಟ್ರು:
'ಸಾವ ತೆರೆಯನು ಕಿತ್ತು' ಬಹಳ ಹಿಡಿಸಿತು. ತಾಯಿಹಕ್ಕಿ ಮೂರನೇ ದಿನ ಮರಿಗಳನ್ನು ಬದುಕಿಸುವ ಬೆಸ್ಟಿಯರಿಯ ಕಥೆಯನ್ನೂ ಬಿಟ್ಟಿಲ್ಲ.

ಮದ್ದೂರಿನವ:
ಪದ್ಯ ಚೆನ್ನಾಗಿದೆ. ಆದರೆ ಹಕ್ಕಿ ತಪ್ಪು. ಎದೆ ಬಗೆದುಕೊಳ್ಳುವುದು ಪೆಲಿಕನ್, ಕೊಕ್ಕರೆಯಲ್ಲ. ನಮ್ಮ ಭಾಷೆಯಲ್ಲಿ ಅದಕ್ಕೆ ಹೆಜ್ಜಾರ್ಲೆ ಅನ್ನುವ ಚೆಂದದ ಹೆಸರಿದೆ.

ಕಂದಪ್ರಿಯ:
ಗೊತ್ತು ಸ್ವಾಮಿ. ಆ ಕಾಲದ ಚಿತ್ರ ನೋಡಿದ್ದೀರಾ? ಬಹಳಷ್ಟು ಚಿತ್ರಗಳಲ್ಲಿ ಕೊಕ್ಕಿನ ಕೆಳಗೆ ಚೀಲವೇ ಇಲ್ಲ. ಚೂಪು ಕೊಕ್ಕು, ಬಾಗಿದ ಕತ್ತು. ಬರೆದವರು ಹಕ್ಕಿಯನ್ನೇ ಕಂಡಿರಲಿಲ್ಲ ಅನ್ನಿಸುತ್ತದೆ. ಆ ಚಿತ್ರಕ್ಕೆ ಕೊಕ್ಕರೆಯೇ ಹತ್ತಿರ.

ಮದ್ದೂರಿನವ:
ಅವರು ಕಾಣಲಿಲ್ಲ, ಸರಿ. ನಾವು ಕಂಡಿದ್ದೇವಲ್ಲ! ನಮ್ಮ ಕೊಕ್ಕರೆಬೆಳ್ಳೂರಿನಲ್ಲಿ ಹುಣಸೆಮರದ ಮೇಲೆ ಎರಡೂ ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆ ಬೇರೆ, ಹೆಜ್ಜಾರ್ಲೆ ಬೇರೆ. ಊರಿನ ಮಕ್ಕಳನ್ನು ಕೇಳಿದರೂ ಬೆರಳು ತೋರಿಸಿ ಹೇಳುತ್ತಾರೆ.

ಕಂದಪ್ರಿಯ:
ಎರಡೂ ಇರುವ ಊರಿಗೆ ಹಿರಿಯರು ಕೊಕ್ಕರೆಬೆಳ್ಳೂರು ಅಂತಲೇ ಹೆಸರಿಟ್ಟರು. ಊರಿಗೆ ಸಾಲುವ ಮಾತು ನನ್ನ ಪದ್ಯಕ್ಕೆ ಸಾಲದೇ?

ಮದ್ದೂರಿನವ:
ಊರಿನ ಹೆಸರು ಹಕ್ಕಿಯ ಗುರುತು ಹೇಳುವುದಕ್ಕಲ್ಲ. ಹೋದ ತಿಂಗಳು ನನ್ನ ಪದ್ಯದ ಒಂದು ಳಕಾರಕ್ಕೆ ನೀವು ಮೂರು ದಿನ ಜಗ್ಗಾಡಿದಿರಿ. ಈಗ ಇಡೀ ಹಕ್ಕಿಯನ್ನೇ ಬಿಟ್ಟುಕೊಡಿ ಅಂತೀರಾ?

ಕಂದಪ್ರಿಯ:
ಆ ಳಕಾರ ಪ್ರಾಸದ ಜಾಗದಲ್ಲಿತ್ತು. ಅದನ್ನು ಬಿಡಲು ಆಗುತ್ತಿರಲಿಲ್ಲ, ಈಗಲೂ ಬಿಡುವುದಿಲ್ಲ. ಇನ್ನು ನಿಮ್ಮ ಹೆಜ್ಜಾರ್ಲೆ. ಅದನ್ನು ಸಾಲಿನ ಮೊದಲಲ್ಲಿ ಇಟ್ಟು ಓದಿ ನೋಡಿ. ಓಟವೇ ಮುರಿಯುತ್ತದೆ.

ಮದ್ದೂರಿನವ:
ಮೊದಲಲ್ಲಿ ಯಾಕೆ ಇಡಬೇಕು? 'ಬತ್ತಿ ಹೆಜ್ಜಾರ್ಲೆ ತಾ ಸೊರಗುತ'. ಕೂತಿತಲ್ಲ?

ಕಂದಪ್ರಿಯ:
'ತಾ' ಅಲ್ಲಿ ಏನು ಮಾಡುತ್ತಿದೆ? ಜಾಗ ತುಂಬಿಸಲು ಕರೆತಂದ ನೆಂಟ. ಮುಂದಿನ ಸಾಲಲ್ಲಿ 'ತಾನೆ' ಬೇರೆ ಕಾದಿದೆ.

ಸೀಮೆಹುಣಸೆ:
ಇಬ್ಬರೂ ಅಣ್ಣಂದಿರು ಸ್ವಲ್ಪ ನಿಲ್ಲಿ. ಈ ನಡುವೆ ನನ್ನದೊಂದು. ಮೇಷ್ಟ್ರು ಹೇಳಿದ ಎರಡನೇ ಎಳೆ ಹಿಡಿದಿದ್ದೇನೆ.

ಎತ್ತಿಯಿಟ್ಟಿಹ ಹಳೆಯ ಹಾಳೆಯ
ಮೆತ್ತಗಿನ ತೊಗಲಿನಲಿ ಮಲಗಿದ
ತುತ್ತು ಕಾಣದ ಮಿಗಗಳೆಲ್ಲವ ಕವಿಯು ಕರೆದಿರಲು
ಸುತ್ತ ಕೊಳಲಿನ ದನಿಯು ತುಂಬಿತು
ಮತ್ತೆ ಕವಿತೆಯೆ ತಾಯಿಯಾಗಲು
ಸತ್ತ ಮರಿಗಳು ತಾಯ ನೆತ್ತರಿನಿಂದ ಬದುಕಿದುವೈ

ತೊಗಲು ಅಂದದ್ದು ಸುಮ್ನೆ ಅಲ್ಲ. ಆ ಪುಸ್ತಕಗಳ ಹಾಳೆ ಕರು, ಕುರಿಗಳ ಚರ್ಮದ್ದೇ. ಕೊಳಲೂ ಅಷ್ಟೇ. ಪುಲಾಂಕ್ ಹಾಡುವವರ ಜೊತೆಗೆ ಕೊಳಲು, ಕ್ಲಾರಿನೆಟ್, ಬಸೂನ್, ನಾಲ್ಕು ತಂತಿವಾದ್ಯ ಇಟ್ಟಿದ್ದ.

ಭಾಮಿನಿ ಮೇಷ್ಟ್ರು:
ಶಹಬಾಸ್ ತಂಗಿ.

ಕಂದಪ್ರಿಯ:
ಚೆನ್ನಾಗಿದೆ.

ಹಾಡುಗಾರ:
ಆ ಆರು ಹಾಡುಗಳಲ್ಲಿ ಕೊನೆಯದು ಕೆರೆಯ ಮೀನಿನದು. ಅಷ್ಟು ವರ್ಷ ಬದುಕುತ್ತೀರಿ, ಸಾವು ನಿಮ್ಮನ್ನು ಮರೆತಿದೆಯಾ ಅಂತ ಕವಿ ಮೀನನ್ನು ಕೇಳುತ್ತಾನೆ. ಹಾಡು ಒಂದೆರಡು ನಿಮಿಷದೊಳಗೆ ಮುಗಿಯುತ್ತದೆ. ವಾದ್ಯಗಳು ನಿಂತ ನೀರಿನ ಹಾಗೆ ಅಲ್ಲೇ ಸುತ್ತುತ್ತವೆ. ಬೆಸ್ಟಿಯರಿ ಆಗಿದ್ದರೆ ಮೀನಿಗೂ ಒಂದು ನೀತಿ ಕಟ್ಟುತ್ತಿತ್ತು. ಇಲ್ಲಿ ಪ್ರಶ್ನೆ ಕೇಳಿ ಬಿಟ್ಟುಬಿಡುತ್ತಾನೆ. ನನಗೆ ಅದೇ ಇಷ್ಟ. ಅದೇ ವರ್ಷ ಡ್ಯೂರೆ ಅನ್ನುವ ಇನ್ನೊಬ್ಬ ಸಂಗೀತಗಾರ ಕೂಡ ಈ ಪದ್ಯಗಳಿಗೆ ರಾಗ ಹಾಕಿದ್ದಾನೆ. ಎರಡನ್ನೂ ಒಟ್ಟಿಗೆ ಕೇಳಿ.

ಮಲೆನಾಡಿಗ:
ಹಕ್ಕಿ ಬಿಟ್ಟು ಒಂಟಿಕೊಂಬಿನ ಕುದುರೆಗೆ ಬನ್ನಿ. ಬೇಟೆಗಾರರಿಗೆ ಸಿಗದ ಮೃಗ ಕನ್ಯೆಯ ಮಡಿಲಲ್ಲಿ ತಲೆಯಿಟ್ಟು ಸಿಕ್ಕಿಬೀಳುತ್ತದೆ ಅಂತ ಬೆಸ್ಟಿಯರಿ ಹೇಳುತ್ತದೆ. ಕೊಂಬಿನ ಋಷಿ, ಹೆಣ್ಣಿನ ಹಿಂದೆ ಬಂದವನು. ನಮ್ಮ ಋಷ್ಯಶೃಂಗ ನೆನಪಾಗುವುದಿಲ್ಲವೇ? ಎರಡಕ್ಕೂ ನಂಟಿದೆ ಅಂತ ಹಲವು ವಿದ್ವಾಂಸರು ವಾದಿಸಿದ್ದಾರೆ. ಶೃಂಗೇರಿ ಪಕ್ಕದ ಕಿಗ್ಗದಲ್ಲಿ ಅವನಿಗೆ ಗುಡಿಯೇ ಇದೆ.

ಭಾಮಿನಿ ಮೇಷ್ಟ್ರು:
ಒಳ್ಳೆಯ ಮಾತು. ಅದಕ್ಕೆ ಬೇರೆ ಸಮಸ್ಯೆ ಕೊಡೋಣ.

ಮದ್ದೂರಿನವ:
ಕಂದಪ್ರಿಯರು ಇನ್ನೂ ಉತ್ತರ ಕೊಟ್ಟಿಲ್ಲ. ಕಥೆ ಹುಟ್ಟಿದ್ದೇ ಹೆಜ್ಜಾರ್ಲೆಯ ಚೀಲದಿಂದ ಅಂತ ಹೇಳುವುದುಂಟು. ಅದು ಕೊಕ್ಕನ್ನು ಎದೆಗೊತ್ತಿ ಚೀಲದ ಮೀನನ್ನು ಮರಿಗೆ ಕೊಡುವುದನ್ನು ದೂರದಿಂದ ನೋಡಿ ಎದೆ ಬಗೆಯುತ್ತಿದೆ ಅಂದುಕೊಂಡರಂತೆ. ಚೀಲವಿಲ್ಲದ ಕೊಕ್ಕರೆ ಇಟ್ಟರೆ ಕಥೆಯ ಬುಡವೇ ಹೋಯಿತು.

ಸೀಮೆಹುಣಸೆ:
'ಬತ್ತಿ ಹೆಜ್ಜಾರ್ಲೆ ಬಡವಾಗುತ'. ಇದು ಆಗುತ್ತದಾ ನೋಡಿ. ನೆಂಟರು ಯಾರೂ ಇಲ್ಲ.

ಮದ್ದೂರಿನವ:
ಆಹಾ!

ಕಂದಪ್ರಿಯ:
ನಾಲ್ಕು ಸಲ ಗಟ್ಟಿಯಾಗಿ ಓದಿದೆ. ಓಟ ಕೆಟ್ಟಿಲ್ಲ. 'ಬಡವಾಗುತ' ನನ್ನ 'ಸೊರಗುತ'ಕ್ಕಿಂತ ಮೇಲು. ತಿದ್ದಿಕೊಂಡೆ ತಂಗಿ. ಸಾಲು ನಿನ್ನದೇ ಅಂತ ಕೆಳಗೆ ಬರೆಯುತ್ತೇನೆ. ಮದ್ದೂರಿನವರೇ, ಹಕ್ಕಿ ನಿಮಗೆ. ಳಕಾರ ಮಾತ್ರ ನನಗೇ.

ಮದ್ದೂರಿನವ:
ಜನವರಿ ಕಳೆದ ಮೇಲೆ ಊರಿಗೆ ಬನ್ನಿ. ಹುಣಸೆಮರದ ಕೆಳಗೆ ನಿಂತು ಳಕಾರದ ಮಾತು ಮುಂದುವರಿಸೋಣ.

ಭಾಮಿನಿ ಮೇಷ್ಟ್ರು:
ಮುಂದಿನ ವಾರಕ್ಕೆ ಬೆಸ್ಟಿಯರಿಯ ತಿಮಿಂಗಿಲ. ಅದರ ಬೆನ್ನನ್ನು ದ್ವೀಪ ಅಂದುಕೊಂಡು ನಾವಿಕರು ಒಲೆ ಹಚ್ಚಿದ ಕಥೆ. ಸಮಸ್ಯೆ: 'ನೀರ ನಡುವಣ ನೆಲಕೆ ಬೆಂಕಿಯನಿಡಲು ಮುಳುಗಿದುದೈ'.

ಕಂದಪ್ರಿಯ:
ಮೇಷ್ಟ್ರೇ, 'ನೆಲಕೆ' ಬೆಂಕಿ ಇಟ್ಟರೋ, 'ನೆಲದಿ' ಇಟ್ಟರೋ?