ಹಿತ್ತಿಲ ಕೊಠಡಿಯಲ್ಲಿ ಗರಗಸ ಹಾಕಿದರೆ ಮನೆಯ ಆರ್‌ಸಿಸಿಬಿ ಟ್ರಿಪ್ ಆಗುತ್ತಿದೆ

ಪ್ರಶ್ನೆ:
ಮನೆಯಿಂದ 35 ಮೀಟರ್ ದೂರದ ಹಿತ್ತಿಲ ಕೊಠಡಿಯನ್ನು ಮರಗೆಲಸಕ್ಕೆಂದು ಸಿದ್ಧಪಡಿಸಿಕೊಂಡಿದ್ದೇನೆ. ಮಲಗುವ ಕೋಣೆಯ ಸಾಕೆಟ್‌ನಿಂದ 1.5 ಚದರ ಮಿ.ಮೀ. ದಪ್ಪದ ಫೇಸ್ ಮತ್ತು ನ್ಯೂಟ್ರಲ್ ತಂತಿಗಳನ್ನಷ್ಟೇ ಪೈಪಿನಲ್ಲಿ ಅಲ್ಲಿಗೆ ಎಳೆಸಿದ್ದು, ಅರ್ತಿಂಗ್‌ಗಾಗಿ ಕೊಠಡಿಯ ಪಕ್ಕದಲ್ಲೇ ಒಂದು ಸರಳು ಹೂಳಿಸಿದ್ದೇನೆ. ಬಲ್ಬು, ಫ್ಯಾನು ತಕರಾರಿಲ್ಲದೆ ನಡೆಯುತ್ತವೆ. ಆದರೆ 1 ಎಚ್‌ಪಿ ಮೋಟರಿನ ಗರಗಸ ಹಾಕಿದ ಕೂಡಲೇ ಮನೆಯ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಅಷ್ಟು ಕರೆಂಟು ಸೋರಿದರೆ ಲೈನನ್ನು ತಾನೇ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆ. ಅದೇ ಗರಗಸ ಮನೆಯೊಳಗಿನ ಸಾಕೆಟ್‌ನಲ್ಲಿ ಸುಸೂತ್ರವಾಗಿ ಓಡುತ್ತದೆ. ಆರ್‌ಸಿಸಿಬಿಯನ್ನು ಬದಲಿಸಿಯೂ ಆಯಿತು. ನಿನ್ನೆಯಂತೂ ಕೊಠಡಿಯ ಎಂಸಿಬಿಯನ್ನು (ಕರೆಂಟು ಮಿತಿಮೀರಿದರೆ ಕಡಿಯುವ ಸ್ವಿಚ್) ಆಫ್ ಮಾಡಿದ್ದಾಗಲೇ, ಮನೆಯಲ್ಲಿ ಗೀಸರ್ ಹಾಕಿದೊಡನೆ ಟ್ರಿಪ್ ಆಯಿತು. ಸೋರಿಕೆ ಗೀಸರ್‌ನಲ್ಲಿದೆಯೋ ಗರಗಸದಲ್ಲೋ ತಿಳಿಯುತ್ತಿಲ್ಲ.

ಉತ್ತರ:
ಎರಡರಲ್ಲೂ ಇರಲಾರದು. ನಿಮ್ಮ ಕೊನೆಯ ವಾಕ್ಯದಲ್ಲೇ ಸುಳಿವಿದೆ. ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ಅದು ಆಫ್ ಆಗಿದ್ದರೂ ನ್ಯೂಟ್ರಲ್ ತಂತಿ ಕೊಠಡಿಯವರೆಗೆ ಹಾಗೆಯೇ ಜೋಡಣೆಯಲ್ಲಿರುತ್ತದೆ. ಫೇಸ್‌ನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್‌ನಲ್ಲಿ ಮರಳಿತೇ ಎಂಬುದನ್ನಷ್ಟೇ ಆರ್‌ಸಿಸಿಬಿ ನೋಡುವುದರಿಂದ, ಕೊಠಡಿಯಲ್ಲಿ ಎಲ್ಲೋ ನ್ಯೂಟ್ರಲ್ ಮತ್ತು ಅರ್ತಿಂಗ್ ಕೂಡಿಕೊಂಡು, ಸ್ವಲ್ಪ ಕರೆಂಟು ಸರಳಿನಿಂದ ಮಣ್ಣಿನ ದಾರಿಯಲ್ಲಿ ಮರಳುತ್ತಿದೆ ಎಂದು ನನ್ನ ಅನುಮಾನ.

ಮೇನ್ ಸ್ವಿಚ್ ಆಫ್ ಮಾಡಿ, ಕರೆಂಟು ಇಲ್ಲವೆಂದು ಮೀಟರಿನಿಂದ ಖಾತ್ರಿಪಡಿಸಿಕೊಂಡು, ಕೊಠಡಿಗೆ ಹೋಗುವ ನ್ಯೂಟ್ರಲ್ಲನ್ನು ಮನೆಯ ತುದಿಯಲ್ಲಿ ಬಿಚ್ಚಿಸಿ. ಅಲ್ಲಿನ ಎಲ್ಲ ಪ್ಲಗ್ಗುಗಳನ್ನೂ ಕಿತ್ತ ಮೇಲೆ ಸಾಕೆಟ್‌ನ ನ್ಯೂಟ್ರಲ್ ಮತ್ತು ಅರ್ತಿಂಗ್ ನಡುವೆ ಮಲ್ಟಿಮೀಟರ್ ಹಿಡಿಯಿರಿ.

ಪ್ರಶ್ನಿಸಿದವರು:
ಮೀಟರ್ ಸೊನ್ನೆ ಓಮ್ ತೋರಿಸಿತು. ಸಾಕೆಟ್ ಪ್ಲೇಟ್ ಬಿಚ್ಚಿದರೆ, ಅರ್ತಿಂಗ್ ಸ್ಕ್ರೂವಿನಿಂದ ನ್ಯೂಟ್ರಲ್ ಸ್ಕ್ರೂವಿಗೆ ಒಂದಿಂಚಿನ ಹಸಿರು ತಂತಿಯ ತುಂಡು ಬಿಗಿದಿತ್ತು. ಕೆಲಸ ಮಾಡಿದವರನ್ನು ಕೇಳಿದ್ದಕ್ಕೆ, ಎರಡೂ ಕೊನೆಗೆ ಭೂಮಿಗೇ ಹೋಗುವುದಲ್ಲವೇ ಎಂದರು. ಹಾಗಿದ್ದರೆ ಬಲ್ಬು ಹಾಕಿದಾಗ ಏಕೆ ಟ್ರಿಪ್ ಆಗುತ್ತಿರಲಿಲ್ಲ? ಆ ತುಂಡನ್ನು ತೆಗೆದರೆ ಸಾಕೇ?

ಉತ್ತರ:
1.5 ಚದರ ಮಿ.ಮೀ. ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ರೋಧವಿರುತ್ತದೆ. 35 ಮೀಟರಿಗೆ 0.42 ಓಮ್. ಗರಗಸದ 7 ಆಂಪಿಯರ್ ಅದರಲ್ಲಿ ಹರಿದಾಗ ನ್ಯೂಟ್ರಲ್‌ನ ಆ ತುದಿ ಹತ್ತಿರಹತ್ತಿರ 3 ವೋಲ್ಟ್ ಮೇಲೇರುತ್ತದೆ. ಮಣ್ಣಿನ ದಾರಿಗೆ ಒಟ್ಟು 20 ಓಮ್ ಎಂದುಕೊಂಡರೂ 150 ಮಿಲಿ ಆಂಪಿಯರ್ ಸರಳಿನ ಮೂಲಕ ಹೊರಟುಹೋಗುತ್ತದೆ. 9 ವ್ಯಾಟ್ ಬಲ್ಬಿನ ಲೆಕ್ಕದಲ್ಲಿ ಇದು 1 ಮಿಲಿ ಆಂಪಿಯರ್ ಕೂಡ ಆಗದು. ಗೀಸರ್ ಹಾಕಿದಾಗ ಮನೆಗೆ ಬರುವ ಸರ್ವಿಸ್ ತಂತಿಯ ನ್ಯೂಟ್ರಲ್ ಹೀಗೆಯೇ ಏರುವುದರಿಂದ ನಿನ್ನೆ ಟ್ರಿಪ್ ಆಗಿರಬೇಕು.

ತುಂಡನ್ನು ಮೊದಲು ತೆಗೆಸಿ. ಅದು ಟ್ರಿಪ್ಪಿಗಿಂತ ದೊಡ್ಡ ಅಪಾಯ. ಮಧ್ಯೆ ಎಲ್ಲಿಯಾದರೂ ನ್ಯೂಟ್ರಲ್ ಕಡಿದರೆ ಫೇಸ್ ಮೋಟರಿನ ಮೂಲಕ ಹಾದು ಅದೇ ತುಂಡಿನಿಂದ ಗರಗಸದ ಕಬ್ಬಿಣದ ಮೈಗೆ ಬಂದು ನಿಲ್ಲುತ್ತದೆ. ಟ್ರಿಪ್ ಆಗುತ್ತದೆಂದು ಬೇಸತ್ತು ನೀವು ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಸದಿದ್ದುದು ಪುಣ್ಯ.

ಆದರೆ ಅಷ್ಟೇ ಸಾಲದು. ಮೋಟರ್ ಹೊರಡುವಾಗ ಐದು ಪಟ್ಟು, ಅಂದರೆ 35 ಆಂಪಿಯರ್ ಎಳೆದರೆ ಈ ತಂತಿಯ ಹೋಗಿಬರುವ ದಾರಿಯಲ್ಲೇ 30 ವೋಲ್ಟ್ ಕಳೆದುಹೋಗುತ್ತದೆ. 4 ಚದರ ಮಿ.ಮೀ. ತಂತಿಯಲ್ಲಿ ಇದು 11 ವೋಲ್ಟಿಗೆ ಇಳಿಯುತ್ತದೆ. ಆದ್ದರಿಂದ ಮಲಗುವ ಕೋಣೆಯ ಸಾಕೆಟನ್ನು ಅದರ ಪಾಡಿಗೆ ಬಿಟ್ಟು, ಮುಖ್ಯ ಡಿಬಿಯಿಂದಲೇ (ಎಂಸಿಬಿಗಳಿರುವ ಹಂಚಿಕೆ ಪೆಟ್ಟಿಗೆ) ಮೂರು ಎಳೆಯ 4 ಚದರ ಮಿ.ಮೀ. ಆರ್ಮರ್ಡ್ (ಲೋಹದ ಕವಚವಿರುವ) ಕೇಬಲ್ಲನ್ನು, ನಡುವೆ ಒಂದೂ ಜೋಡಣೆಯಿಲ್ಲದಂತೆ, ನೆಲದಲ್ಲಿ ಆಳವಾಗಿ ಹೂಳಿಸಿ. ಮೇಲೆ ಎಚ್ಚರಿಕೆಯ ಪಟ್ಟಿ ಹಾಸಿದರೆ ಮುಂದೆ ಗುದ್ದಲಿ ಹಾಕುವವರಿಗೆ ತಿಳಿಯುತ್ತದೆ. ಮೂರನೆಯ ಎಳೆ ಮನೆಯ ಅರ್ತಿಂಗ್ ಪಟ್ಟಿಯಿಂದ ಬರಬೇಕು. ಸರಳೊಂದನ್ನೇ ನಂಬಿದರೆ, ಫೇಸ್ ಗರಗಸದ ಮೈಗೆ ತಾಗಿದಾಗ 20 ಓಮ್‌ನಲ್ಲಿ 230 ವೋಲ್ಟ್ ಹರಿಸುವುದು ಹನ್ನೊಂದೂವರೆ ಆಂಪಿಯರ್ ಮಾತ್ರ; ಅಷ್ಟಕ್ಕೆ 16 ಆಂಪಿಯರ್ ಎಂಸಿಬಿ ಅಲುಗಾಡುವುದಿಲ್ಲ.

ಈ ಲೈನಿಗೆ ಡಿಬಿಯಲ್ಲಿ 16 ಆಂಪಿಯರ್‌ನ ಸಿ ಮಾದರಿಯ (ಮೋಟರ್ ಹೊರಡುವಾಗಿನ ಹೆಚ್ಚು ಕರೆಂಟನ್ನು ತಾಳುವ) ಎಂಸಿಬಿಯನ್ನೂ ಪ್ರತ್ಯೇಕವಾದ 30 ಮಿಲಿ ಆಂಪಿಯರ್ ಆರ್‌ಸಿಸಿಬಿಯನ್ನೂ ಕೊಡಿಸಿ. ಕೊಠಡಿಯ ದೋಷಕ್ಕೆ ಮನೆಯೆಲ್ಲ ಕತ್ತಲಾಗದು. ಆದರೆ ಕೇಬಲ್ಲಿನ ನ್ಯೂಟ್ರಲ್ ಈ ಹೊಸ ಆರ್‌ಸಿಸಿಬಿಯಿಂದಲೇ ಹೊರಡಬೇಕು. ಹಳೆಯ ನ್ಯೂಟ್ರಲ್ ಪಟ್ಟಿಗೆ ಸಿಕ್ಕಿಸಿಬಿಟ್ಟರೆ ಮತ್ತೆ ಇದೇ ಗೋಳು. ಪಳಗಿದ ಕೈಗಳೂ ಇಲ್ಲಿ ಎಡವುತ್ತವೆ. ಕೊಠಡಿಯ ಬಾಗಿಲ ಬಳಿ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ ಇರಲಿ.

ಪ್ರಶ್ನಿಸಿದವರು:
ಹಳೆಯ ಪೈಪಿನಲ್ಲೇ ದಪ್ಪ ತಂತಿ ಎಳೆಸಬಹುದೇ? ಅಗೆತದ ಕೆಲಸ ಉಳಿಯುತ್ತಿತ್ತು.

ಉತ್ತರ:
ಬೇಡ. ನೆಲದೊಳಗಿನ ಪೈಪಿನಲ್ಲಿ ಇಂದಲ್ಲ ನಾಳೆ ನೀರು ನಿಲ್ಲುತ್ತದೆ. ಮನೆಯೊಳಗೆ ಬಳಸುವ ಸಾದಾ ತಂತಿ ಅದಕ್ಕೆ ತಕ್ಕದ್ದಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಜೋಡಣೆ ಮಾಡಿಸಿ, ಕರೆಂಟು ಕೊಡುವ ಮೊದಲು ಎರಡೂ ತುದಿ ಬಿಚ್ಚಿದ ಕೇಬಲ್ಲಿಗೆ 500 ವೋಲ್ಟಿನ ಮೆಗ್ಗರ್ (ತಂತಿಯ ನಿರೋಧಕ ಹೊದಿಕೆಯನ್ನು ಪರೀಕ್ಷಿಸುವ ಮೀಟರ್) ಹಿಡಿಸಿ. ಹೊಸ ಕೇಬಲ್ಲಿನಲ್ಲಿ ನ್ಯೂಟ್ರಲ್ ಮತ್ತು ಅರ್ತಿಂಗ್ ನಡುವೆ 1 ಮೆಗಾಓಮ್‌ಗಿಂತ ಬಹಳ ಹೆಚ್ಚೇ ಬರಬೇಕು. ಆಮೇಲೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ, ಗರಗಸ ಹಾಕಿ.