ನನ್ನ ದಮ್ಮಿನ ವಿಡಿಯೋ: ಮೂಗಿನ ನಳಿಗೆ ತೋರಿಸಬೇಕಾ, ಬೇಡವಾ?

ಮುಳ್ಳೇರಿಯದ ಅಕ್ಕ

ನಮಸ್ಕಾರ. ಬರೆದು ಅಭ್ಯಾಸ ಇಲ್ಲ, ಮಾತಾಡಿದ ಹಾಗೆ ಬರೀತೇನೆ. ವಯಸ್ಸು 63. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಒಳಗೆ, ಜೀಪು ಮಾತ್ರ ಬರುವ ರಸ್ತೆ. ಸಿಒಪಿಡಿ (ಗಾಳಿ ಹೋಗುವ ದಾರಿ ಕಿರಿದಾಗಿ ದಮ್ಮು ಕಟ್ಟುವ ಶ್ವಾಸಕೋಶದ ಕಾಯಿಲೆ) ಅಂತ ಗೊತ್ತಾಗಿ ಏಳು ವರ್ಷ ಆಯ್ತು. ಕಳೆದ ಮಳೆಗಾಲದಿಂದ ಮನೆಯಲ್ಲಿ ಆಕ್ಸಿಜನ್ ಮಿಷನ್ ಉಂಟು, ಅದರ ನಳಿಗೆ ಮೂಗಿಗೆ. ದಿನಕ್ಕೆ 15 ಗಂಟೆಗಿಂತ ಕಡಿಮೆ ಆಗಬಾರದು ಅಂದಿದ್ದಾರೆ ಡಾಕ್ಟರು.

ಎಲ್ಲರೂ ಕೇಳುವ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡ್ತೇನೆ. ನಾನು ಬೀಡಿ ಸೇದಿದವಳಲ್ಲ. ನಮ್ಮವರದ್ದೂ ಎಲೆಯಡಿಕೆ ಮಾತ್ರ. ನಾನು ಸೇದಿದ್ದು ಒಲೆಯನ್ನು. ಮದುವೆಯಾಗಿ ಬರುವಾಗ ಮನೆಯಲ್ಲಿ ಹದಿನಾಲ್ಕು ಜನ, ಅಡಿಗೆಗೆ ಎರಡು ಒಲೆ, ಬಚ್ಚಲಿನದ್ದು ಬೇರೆ. ಆಟಿ ತಿಂಗಳಲ್ಲಿ ಕಟ್ಟಿಗೆಯೂ ಹಸಿ, ಮಡಲೂ ಹಸಿ. ಗೆರಟೆ ಇದ್ದರೆ ಬಚಾವ್. ಕಬ್ಬಿಣದ ಕೊಳವೆ ಬಾಯಿಗಿಟ್ಟು ಊದುವುದು, ಕೆಮ್ಮುವುದು, ಉಸಿರು ಎಳೆಯುವಾಗ ಅದೇ ಹೊಗೆ ಒಳಗೆ. ಗ್ಯಾಸ್ ಬಂದ ಮೇಲೂ ಅನ್ನಕ್ಕೆ, ಬಿಸಿನೀರಿಗೆ ಒಲೆಯೇ.

ಎರಡು ವರ್ಷ ಕೆಮ್ಮಿನ ಸಿರಪ್ಪು ಕುಡಿದದ್ದೇ ಕುಡಿದದ್ದು. ಆಮೇಲೆ ಮಂಗಳೂರಿನಲ್ಲಿ ಒಬ್ಬರು ಡಾಕ್ಟರು ಬಾಯಿಗೆ ನಳಿಗೆ ಕೊಟ್ಟು "ಜೋರಾಗಿ ಊದಿ ಅಮ್ಮ, ನಿಲ್ಲಿಸಬೇಡಿ" ಅಂದರು. ನನಗೆ ನಗು ಬಂತು. ನಲವತ್ತು ವರ್ಷ ಅದನ್ನೇ ಅಲ್ಲವಾ ಮಾಡಿದ್ದು! ಊದಿದ ಒಟ್ಟು ಗಾಳಿಯಲ್ಲಿ 100ಕ್ಕೆ 70 ಪಾಲಾದರೂ ಮೊದಲ ಸೆಕೆಂಡಿನಲ್ಲೇ ಹೊರಗೆ ಬರಬೇಕಂತೆ. ನನ್ನದು 48. ಕಷ್ಟ ಇರುವುದು ಗಾಳಿ ತೆಗೆದುಕೊಳ್ಳುವುದರಲ್ಲಿ ಅಂತ ನಾನು ತಿಳ್ಕೊಂಡಿದ್ದೆ. ಅಲ್ಲ, ಬಿಡುವುದರಲ್ಲಿ. ಹಳೆಯ ಗಾಳಿ ಒಳಗೇ ಕೂತರೆ ಹೊಸದಕ್ಕೆ ಜಾಗ ಎಲ್ಲಿ?

ಈಗ ವಿಡಿಯೋ ವಿಷಯ. ಆಸ್ಪತ್ರೆಯಲ್ಲಿ ಕೊಟ್ಟ ಕಾಗದ ಮಲಯಾಳದಲ್ಲಿ. ನನಗೆ ಮಾತು ಅರ್ಥ ಆಗ್ತದೆ, ಅಕ್ಷರ ಬರುವುದಿಲ್ಲ, ಕಲಿತದ್ದು ಕನ್ನಡ ಶಾಲೆಯಲ್ಲಿ. ಫೋನಿನಲ್ಲಿ ನೋಡಿದರೆ ಒಂದು ಗುಲಾಬಿ ಶ್ವಾಸಕೋಶ, ಒಂದು ಕರಿ ಶ್ವಾಸಕೋಶ, ಹಿಂದೆ ಸಂಗೀತ. ತಲೆ ಬಾಚುವುದು ಹೇಗೆ ಅಂತ ಯಾರೂ ತೋರಿಸುವುದಿಲ್ಲ. ನನಗೆ ಗುಡ್ಡೆ ಹತ್ತುವುದಕ್ಕಿಂತ ಕಷ್ಟ ಎರಡು ಕೈ ಮೇಲೆತ್ತಿ ಜಡೆ ಹಾಕುವುದು. ಹಾಗೆ ನಾನೇ ಫೋನನ್ನು ಅಕ್ಕಿ ಸೇರಿಗೆ ಒರಗಿಸಿ ನಾಲ್ಕು ವಿಡಿಯೋ ಮಾಡಿದೆ. ಮೊಣಕೈ ಮೇಜಿಗೆ ಊರಿ, ಒಂದೊಂದೇ ಕೈಯಲ್ಲಿ ಬಾಚುವುದು ಒಂದರಲ್ಲಿ. ಬಾಯಿಯಿಂದ ಎಳೆದುಕೊಳ್ಳುವ ಮದ್ದಿನ ಸ್ಪ್ರೇ, ಅಂದರೆ ಇನ್‌ಹೇಲರ್, ತೆಗೆದುಕೊಳ್ಳುವುದು ಇನ್ನೊಂದರಲ್ಲಿ (ಒಂದು ವರ್ಷ ನಾಲಿಗೆಗೇ ಹೊಡೆದುಕೊಂಡವಳು ನಾನು). ಮೂರನೆಯದರಲ್ಲಿ ಉರಿಯುವ ಒಲೆ ಎದುರು ಕೂತು, ಕೊಳವೆ ಹಿಡಿದ ಹಾಗೆ ತುಟಿ ಚೂಪು ಮಾಡಿ ಮೆಲ್ಲ ಉಸಿರು ಬಿಡುವುದು. ಕೊನೆಯದು ಮಿಷನ್ನಿನದ್ದು: ದಮ್ಮು ಹೆಚ್ಚಾದರೆ ಗುಂಡಿ ತಿರುಗಿಸಿ 1ರಿಂದ 3ಕ್ಕೆ ಇಡ್ತೇನೆ ಅಂತ.

ಕುಟುಂಬದ ಗ್ರೂಪಿಗೆ ಹಾಕಿದೆ. ಬೆಂಗಳೂರಿನಿಂದ ಮಗ ಫೋನು ಮಾಡಿದ. "ಅಮ್ಮಾ, ಮೂಗಿನ ನಳಿಗೆ ತೆಗೆದು ಮಾಡು. ತಂಗಿಗೆ ಗಂಡು ನೋಡ್ತಾ ಇದ್ದೇವೆ, ಕ್ಷಯ ಅಂತ ತಿಳ್ಕೊಳ್ತಾರೆ." ಅವನು ಹೇಳಿದ್ದು ಪೂರಾ ಸುಳ್ಳೂ ಅಲ್ಲ. ಒಂದು ಉಪನಯನದಲ್ಲಿ ನನಗೆ ಮಾತ್ರ ಕಾಗದದ ಲೋಟ ಕೊಟ್ಟಿದ್ದರು. ಆದರೆ ನಳಿಗೆ ತೆಗೆದರೆ ಅದು ನನ್ನ ವಿಡಿಯೋ ಹೇಗಾಗ್ತದೆ? ಯೂಟ್ಯೂಬಿಗೆ ಹಾಕುವ ಅಂತ ಮನಸ್ಸುಂಟು. ತಿಳಿದವರು ಹೇಳಿ.

ಗುಡ್ಡೆಮನೆ, ಬದಿಯಡ್ಕ

ತೋರಿಸಿ ಅಕ್ಕಾ. ನಮ್ಮ ಮಾವ ಸ್ಪ್ರೇಯನ್ನು ಲುಂಗಿ ಮಡಿಕೆಯಲ್ಲಿ ಅಡಗಿಸಿ, ಕೊಟ್ಟಿಗೆ ಹಿಂದೆ ಹೋಗಿ ತೆಗೆದುಕೊಳ್ಳುತ್ತಿದ್ದರು. ಕಳ್ಳು ಕುಡಿದವರ ಹಾಗೆ! 2020ರಲ್ಲಿ ಕೊರೊನಾಕ್ಕೆ ಗಡಿಯ ತಲಪಾಡಿ ರಸ್ತೆ ಬಂದ್ ಆದಾಗ ಮಂಗಳೂರಿನ ಮದ್ದು ಮುಗಿದದ್ದನ್ನೂ ನಮಗೆ ಹೇಳಲಿಲ್ಲ, ನಾಚಿಕೆಗೆ. ಗಂಡಿನ ಕಡೆಯವರು ನಳಿಗೆ ನೋಡಿ ಓಡಿದರೆ ಓಡಲಿ. ಅಂಥ ಮನೆಗೆ ಹೆಣ್ಣು ಕೊಡದೆ ಇದ್ದದ್ದೇ ಲಾಭ.

ತೋಟದ ವೈದ್ಯ

ಆಡುಸೋಗೆ ಕಷಾಯ 48 ದಿವಸ ಕುಡಿಯಿರಿ. ಮಿಷನ್, ಸ್ಪ್ರೇ ಎಲ್ಲ ಬಿಡಬಹುದು. ಸಂಪೂರ್ಣ ಗುಣ.

ಮುಳ್ಳೇರಿಯದ ಅಕ್ಕ

ಕುಡಿದಿದ್ದೇನೆ ಮಾರಾಯ್ರೇ, ನಮ್ಮ ಬೇಲಿಯಲ್ಲೇ ಉಂಟು. ಕಫ ಸಡಿಲ ಆದ ಹಾಗೆ ಆಯ್ತು. ಶ್ವಾಸಕೋಶದೊಳಗಿನ ಹರಿದ ಗಾಳಿಗೂಡನ್ನು ಅದು ಹೊಲಿಯುವುದಿಲ್ಲ. ಸ್ಪ್ರೇ ಬಿಡಿ ಅಂತ ಮಾತ್ರ ಯಾರಿಗೂ ಹೇಳಬೇಡಿ.

ಕುಂಬಳೆ ಸಿಸ್ಟರ್

ಅಕ್ಕಾ, ನಾನು ಸರಕಾರಿ ಕುಟುಂಬಾರೋಗ್ಯ ಕೇಂದ್ರದಲ್ಲಿ ನರ್ಸ್. ನಿಮ್ಮ ಬರಹ ಓದಿ ಖುಷಿಯೂ ಆಯ್ತು, ಎದೆಯೂ ಹೊಡೆದುಕೊಂಡಿತು. ಉರಿಯುವ ಒಲೆ ಎದುರು ಕೂತಾಗ ಮೂಗಿಗೆ ಆಕ್ಸಿಜನ್ ಇತ್ತಾ? ಇದ್ದರೆ ಆ ವಿಡಿಯೋವನ್ನು ಈಗಲೇ ಅಳಿಸಿ, ಮತ್ತೆ ಹಾಗೆ ಕೂರಲೇಬೇಡಿ. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಉರಿಯುವುದನ್ನು ಭಗ್ಗನೆ ಉರಿಸ್ತದೆ. ಸೆರಗಿನಲ್ಲಿ, ಕೂದಲಿನಲ್ಲಿ ಅದು ಸ್ವಲ್ಪ ಹೊತ್ತು ನಿಂತಿರ್ತದೆ. ಒಂದು ಕಿಡಿ ಸಾಕು. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ, ಎಲ್ಲದಕ್ಕೂ ಇದೇ ಮಾತು. ಮೂಗು ಒಣಗ್ತದೆ ಅಂತ ತೆಂಗಿನೆಣ್ಣೆ ಹಚ್ತೀರಾ? ಎಣ್ಣೆ, ವ್ಯಾಸಲೀನು ಬೇಡ. ನೀರಿನಂಶದ ಜೆಲ್ ಮೆಡಿಕಲ್‌ನಲ್ಲಿ ಕೇಳಿ.

ಮಿಷನ್ನಿನ ವಿಡಿಯೋವನ್ನೂ ಹಾಕಬೇಡಿ, ದಯವಿಟ್ಟು. ನಿಮಗೆ ಡಾಕ್ಟರು 3ಕ್ಕೆ ಇಡಲು ಹೇಳಿದ್ದಾರಾ ಅಂತ ಮೊದಲು ಕೇಳಿ. ಸಿಒಪಿಡಿಯವರಲ್ಲಿ ಕೆಲವರಿಗೆ ಆಕ್ಸಿಜನ್ ಜಾಸ್ತಿ ಆದರೆ ಒಳಗೆ ಇಂಗಾಲದ ಗಾಳಿ (ಕಾರ್ಬನ್ ಡೈಆಕ್ಸೈಡ್) ಏರ್ತದೆ. ಬೆಳಿಗ್ಗೆ ತಲೆನೋವು, ಮಂಪರು. ಮನೆಯವರು "ಪಾಪ, ನಿದ್ದೆ ಬಂತು" ಅಂತ ಬಿಟ್ಟುಬಿಡ್ತಾರೆ. ಇಂಥವರಿಗೆ ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ನೋಡುವ ಮಿಷನ್ನಿನಲ್ಲಿ 100ಕ್ಕೆ 88ರಿಂದ 92 ಇದ್ದರೆ ಸಾಕು ಅಂತ ಡಾಕ್ಟರು ಲೆಕ್ಕ ಇಡುವುದು. 99 ಮಾಡ್ಲಿಕ್ಕೆ ಹೋಗಬಾರದು. ನಿಮ್ಮ ಗುಂಡಿ ನೋಡಿ ಇನ್ನೊಬ್ಬರು ಅವರ ಗುಂಡಿ ತಿರುಗಿಸ್ತಾರೆ, ಅದೇ ಹೆದರಿಕೆ.

ಸ್ಪ್ರೇಯದ್ದು ಹಾಕಿ, ಖಂಡಿತ ಹಾಕಿ. ಕುಲುಕುವುದು, ಪೂರಾ ಉಸಿರು ಬಿಟ್ಟು ಮತ್ತೆ ಎಳೆಯುವುದು, ಹತ್ತು ಸೆಕೆಂಡು ತಡೆಯುವುದು, ಸ್ಟೀರಾಯ್ಡ್ ಇದ್ದದ್ದಾದರೆ ಬಾಯಿ ಮುಕ್ಕಳಿಸಿ ಉಗುಳುವುದು. ಮದ್ದಿನ ಹೆಸರು ವಿಡಿಯೋದಲ್ಲಿ ಕಾಣದ ಹಾಗೆ ಲೇಬಲ್ಲಿಗೆ ಕಾಗದ ಅಂಟಿಸಿ. ನಮ್ಮಲ್ಲಿ ಒಬ್ಬರು ಅಜ್ಜ ಪುಡಿ ಎಳೆಯುವ ಕ್ಯಾಪ್ಸೂಲನ್ನು ತಿಂಗಳುಗಟ್ಟಲೆ ನೀರಿನೊಟ್ಟಿಗೆ ನುಂಗಿದ್ದರು!

ನಳಿಗೆ ತೋರಿಸಿ. ಸಿಒಪಿಡಿ ಅಂಟುರೋಗ ಅಲ್ಲ ಅಂತ ನೀವೇ, ನಳಿಗೆ ಹಾಕಿಕೊಂಡೇ ಹೇಳಿ. ಒಂದನ್ನು ತುಳುವಿನಲ್ಲಿ ಮಾಡ್ತೀರಾ? ಕೇರಳದಲ್ಲಿ "ಶ್ವಾಸ್" ಅಂತ ದಮ್ಮಿನವರಿಗೆ ಸರಕಾರದ್ದೇ ಕ್ಲಿನಿಕ್ ಉಂಟು, ನಮ್ಮಂಥ ಕೇಂದ್ರಗಳಲ್ಲಿ. ಆದರೆ ಈ ಕಡೆಯ ಹೆಂಗಸರು "ದಮ್ಮು ವಯಸ್ಸಿನದ್ದು" ಅಂತ ಬರುವುದೇ ಇಲ್ಲ. ನವೆಂಬರ್ ಮೂರನೇ ಬುಧವಾರ ಸಿಒಪಿಡಿ ದಿನ. ಕಾಯುವ ಜಾಗದ ಟಿವಿಯಲ್ಲಿ ನಿಮ್ಮದನ್ನು ಹಾಕ್ಲಿಕ್ಕೆ ನಾನು ಡಾಕ್ಟರ ಹತ್ತಿರ ಕೇಳ್ತೇನೆ.

ಉಪ್ಪಳದವ

ನನ್ನದು ಸ್ವಲ್ಪ ಖಾರದ ಮಾತು. ನಾನು ಬೀಡಿ ಸೇದಿದವನೇ, ದಿನಕ್ಕೆ ಎರಡು ಕಟ್ಟು, ಮೂವತ್ತು ವರ್ಷ. ಬಿಟ್ಟು ಆರು ವರ್ಷ ಆಯ್ತು. ನಿಮ್ಮ ಕಾಯಿಲೆಯೇ ನನಗೂ. "ನಾನು ಬೀಡಿ ಸೇದಿದವಳಲ್ಲ" ಅಂತ ನೀವು ಶುರು ಮಾಡಿದ್ದು ನೋಡಿ ನಾನು ಫೋನು ಕೆಳಗಿಟ್ಟೆ. ಸೇದಿದವನಿಗೆ ಹೀಗೇ ಆಗಬೇಕು ಅಂತಲಾ? ಮದ್ದಿನಂಗಡಿಯ ಹುಡುಗನೂ ನನ್ನನ್ನು ಹಾಗೇ ನೋಡ್ತಾನೆ. ದಮ್ಮು ಬಂದಾಗ ನಿಮಗೆ "ಪಾಪ", ನನಗೆ "ಅನುಭವಿಸು". ಅದು ಬಿಟ್ಟು ಹೇಳುವುದಾದರೆ ಜಡೆಯ ಉಪಾಯ ಅಂಗಿ ಹಾಕ್ಲಿಕ್ಕೂ ಆಗ್ತದೆ. ಇವತ್ತು ಬೆಳಿಗ್ಗೆ ಮಾಡಿ ನೋಡಿದೆ.

ಕುಂಬಳೆ ಸಿಸ್ಟರ್

ಅಣ್ಣ ಹೇಳಿದ್ದು ಸರಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಶ್ರೀಮಂತ ದೇಶಗಳ ಸಿಒಪಿಡಿಗೆ 100ಕ್ಕೆ 70ಕ್ಕಿಂತ ಹೆಚ್ಚು ಪಾಲು ಧೂಮಪಾನ ಕಾರಣ. ನಮ್ಮಂಥ ದೇಶಗಳಲ್ಲಿ 30ರಿಂದ 40 ಪಾಲು, ಮನೆಯೊಳಗಿನ ಹೊಗೆಯೂ ದೊಡ್ಡ ಕಾರಣ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುವವರು. ಅಣ್ಣ, ನೀವೂ ಒಂದು ವಿಡಿಯೋ ಮಾಡಿ. ಬಿಟ್ಟದ್ದು ಹೇಗೆ ಅಂತ.

ಮುಳ್ಳೇರಿಯದ ಅಕ್ಕ

ಎರಡು ದಿವಸ ಕರೆಂಟು ಇರಲಿಲ್ಲ, ಸಿಲಿಂಡರಿನಲ್ಲಿ ದಿನ ದೂಡಿದೆ. ಅದಕ್ಕೆ ತಡ.

ಸಿಸ್ಟರ್, ಇತ್ತು. ನಳಿಗೆ ಮೂಗಿನಲ್ಲೇ ಇತ್ತು. ಕೈಕಾಲು ತಣ್ಣಗಾಯ್ತು ಓದಿ. ಅಳಿಸಿದೆ, ಗ್ರೂಪಿನವರ ಹತ್ತಿರವೂ ಅಳಿಸಿ ಅಂದೆ. ಡಾಕ್ಟರಿಗೆ ಫೋನು ಮಾಡಿದರೆ, 3 ಅಂತ ಅವರು ಹೇಳಿಯೇ ಇಲ್ಲವಂತೆ. ಪಕ್ಕದ ಊರಿನ ಒಬ್ಬರು ಹೇಳಿದ್ದನ್ನು ಕೇಳಿ ನಾನು ತಿರುಗಿಸಿದ್ದು. ಬೆಳಿಗ್ಗೆ ತಲೆ ಭಾರ ಯಾಕೆ ಅಂತ ಈಗ ಗೊತ್ತಾಯ್ತು. ದೇವರ ದೀಪ ಇನ್ನು ನಮ್ಮವರೇ ಹಚ್ಚುವುದು, ನಾನು ಚಾವಡಿಯಿಂದ ಕೈ ಮುಗಿಯುವುದು.

ಉಪ್ಪಳದ ಅಣ್ಣ, ತಪ್ಪಾಯ್ತು. ಆ ಕಾಗದದ ಲೋಟದ ಸಿಟ್ಟು ನನ್ನ ಬಾಯಿಂದ ನಿಮ್ಮ ಮೇಲೆ ಹೊರಟದ್ದು. ವಿಡಿಯೋದ ಶುರುವಿನಲ್ಲಿಯೂ ಅದೇ ಮಾತಿತ್ತು, ತೆಗೆದೆ. ಒಲೆಯ ವಿಷಯ ಮಾತ್ರ ಬಿಡುವುದಿಲ್ಲ.

ನಿನ್ನೆ ಹೊಸದಾಗಿ ಮಾಡಿದೆ. ಬೂದಿ ತೆಗೆದ ತಣ್ಣಗಿನ ಒಲೆ, ಕೈಯಲ್ಲಿ ಕೊಳವೆ, ಮೂಗಿಗೆ ನಳಿಗೆ. ಎರಡು ಎಣಿಸುವಷ್ಟು ಒಳಗೆ, ನಾಲ್ಕು ಎಣಿಸುವಷ್ಟು ಹೊರಗೆ. ನಡುವಲ್ಲಿ ಕೆಮ್ಮು ಬಂತು, ಇರಲಿ ಅಂತ ಬಿಟ್ಟೆ. ಮಗನಿಗೆ ಮೊದಲು ಕಳಿಸಿದೆ. ಅವನು ಎಂತದೂ ಹೇಳಲಿಲ್ಲ, ತಂಗಿಗೆ ಕಳಿಸಿದ್ದಾನೆ. ಅವಳು ಅದನ್ನು ಸ್ಟೇಟಸ್ ಇಟ್ಟಿದ್ದಾಳೆ!

ಆಡೂರಿನಿಂದ ನಾದಿನಿ ಫೋನು ಮಾಡಿದಳು. "ಅತ್ತಿಗೇ, ಅದು ನಮ್ಮ ಅಮ್ಮನ ಕೊಳವೆ ಅಲ್ವಾ?" ಅಂತ. ಅದರ ಸುದ್ದಿಯೇ ಮಾತಾಡಿದೆವು ಸುಮಾರು ಹೊತ್ತು. ಅವಳು ಈಗಲೂ ಬಚ್ಚಲ ಒಲೆ ಊದುತ್ತಾಳೆ, ಮಾತಿನ ಮಧ್ಯೆ ಮೂರು ಸಲ ಕೆಮ್ಮಿದಳು. ಸಿಸ್ಟರ್, ನಿಮ್ಮ "ಶ್ವಾಸ್" ಕ್ಲಿನಿಕ್ ವಾರದಲ್ಲಿ ಯಾವ ದಿವಸ ಅಂತ ಬರೆಯಿರಿ. ಜೀಪಿನವನಿಗೆ ಮೊದಲೇ ಹೇಳಬೇಕು.